ಸ್ಪ್ಯಾನಿಷ್‌ನ ‘ಕೊನೊಸೀ’, ‘ಕೊನೊಸೀಯಾ’ ಎರಡಕ್ಕೂ ‘ಗೊತ್ತಿತ್ತು’ ಅಂತಲೇ ಅರ್ಥವಾ?

ಅಲ್ಲ. ಎರಡೂ ‘ಕೊನೊಸೆರ್’ ಕ್ರಿಯಾಪದದ ಭೂತಕಾಲದ ರೂಪಗಳೇ, ಆದರೆ ಹೇಳುವ ವಿಷಯ ಬೇರೆ. ನೀವು ಇಂಗ್ಲಿಷ್ ಮೂಲಕ ಕಲಿಯುತ್ತಿದ್ದೀರಿ ಅನಿಸುತ್ತದೆ. ಅಲ್ಲಿ ಕೆಲವೊಮ್ಮೆ ಎರಡಕ್ಕೂ ‘ನ್ಯೂ’ (knew) ಅಂತ ಹಾಕಿಬಿಡುತ್ತಾರೆ, ಗೊಂದಲ ಆಗುವುದೇ ಅಲ್ಲಿ. ಇಂಗ್ಲಿಷ್ ಬಿಟ್ಟು ನೇರವಾಗಿ ಕನ್ನಡದಿಂದ ನೋಡಿ. ನಮಗೆ ‘ಪರಿಚಯ ಆಯ್ತು’ ಬೇರೆ, ‘ಪರಿಚಯ ಇತ್ತು’ ಬೇರೆ ಅಲ್ವಾ? ಕೊನೊಸೀ ಅಂದರೆ ಆಯ್ತು, ಕೊನೊಸೀಯಾ ಅಂದರೆ ಇತ್ತು.

‘ಕೊನೊಸೀ ಆ ಅನಾ ಎನ್ ಉನಾ ಬೋದಾ’ ಅಂದರೆ ಅನಾಳ ಪರಿಚಯ ಆಗಿದ್ದು ಒಂದು ಮದುವೆಯಲ್ಲಿ. ‘ಯಾ ಕೊನೊಸೀಯಾ ಆ ಅನಾ’ ಅಂದರೆ ಅನಾ ನನಗೆ ಮೊದಲೇ ಗೊತ್ತಿದ್ದಳು. ನಡುವೆ ಇರುವ ಆ ‘ಆ’ ಮನುಷ್ಯರ ಬಗ್ಗೆ ಹೇಳುವಾಗ ಬರುತ್ತದೆ, ಊರಿಗೆ ಬೇಡ. ನಾವೂ ‘ಊರು ನೋಡಿದೆ’ ಅನ್ನುತ್ತೇವೆ, ಆದರೆ ‘ಅನಾಳನ್ನು ನೋಡಿದೆ’ ಅಂತಲೇ ಹೇಳಬೇಕು.

ಊರಿನ ವಿಷಯದಲ್ಲಿ ಸ್ವಲ್ಪ ಗಮನ ಕೊಡಿ. ‘ಕೊನೊಸೀ ಲಿಮಾ ಎನ್ 2019’ ಅಂದರೆ 2019ರಲ್ಲಿ ಮೊದಲ ಸಲ ಲಿಮಾ ನೋಡಿದೆ ಅಂತ. ಲಿಮಾದಲ್ಲಿ ನಿಮ್ಮನ್ನು ಸುತ್ತಾಡಿಸುತ್ತಿರುವವರು ‘ಯಾ ಕೊನೊಸೀಯಾಸ್ ಲಿಮಾ?’ ಅಂತ ಕೇಳಿದರೆ, ಅವರಿಗೆ ಬೇಕಾಗಿರುವುದು ನೀವು ಇದಕ್ಕೆ ಮುಂಚೆ ಅಲ್ಲಿಗೆ ಬಂದಿದ್ರಾ ಇಲ್ವಾ ಅನ್ನುವುದು. ಊರಿನ ಹೆಸರು ಕೇಳಿದ್ದೀರಾ ಅಂತ ಅಲ್ಲ.

ನನಗೆ ತುಂಬಾ ಇಷ್ಟವಾಗುವುದು ‘ಇಲ್ಲ’ ಅನ್ನುವ ರೂಪ. ‘ನೋ ಕೊನೊಸೀ ಆ ಮಿ ಅಬ್ವೇಲೊ.’ ಇದಕ್ಕೆ ಕನ್ನಡ ತಾನಾಗಿಯೇ ಬರುತ್ತದೆ: ನಾನು ನಮ್ಮಜ್ಜನನ್ನು ನೋಡಿಲ್ಲ. ನಾನು ಹುಟ್ಟುವ ಮೊದಲೇ ಹೋಗಿಬಿಟ್ಟಿದ್ದರು, ಪರಿಚಯ ಆಗುವ ಗಳಿಗೆ ಬರಲೇ ಇಲ್ಲ. ‘ನೋ ಕೊನೊಸೀಯಾ ಆ ನಾದ್ಯೆ’ ಅಂದರೆ ಅಲ್ಲಿ ನನಗೆ ಯಾರೂ ಗೊತ್ತಿರಲಿಲ್ಲ, ಅಷ್ಟೇ.

ದಂಪತಿಯನ್ನು ಮಾತಾಡಿಸುವಾಗ ‘ಕೋಮೊ ಸೆ ಕೊನೊಸ್ಯೇರೊನ್?’ ಅಂತ ಕೇಳಿ, ನಿಮ್ಮಿಬ್ಬರ ಪರಿಚಯ ಹೇಗಾಯ್ತು ಅಂತ. ಇದನ್ನು ಬಾಯಿಪಾಠ ಮಾಡಿಕೊಳ್ಳಿ, ಜಾಸ್ತಿ ಉಪಯೋಗಕ್ಕೆ ಬರುತ್ತದೆ. ವಿಷಯ ಗೊತ್ತಿರುವುದಕ್ಕೆ ಬಳಸುವ ‘ಸಾಬೇರ್’ ಕ್ರಿಯಾಪದ ಕೂಡ ಹೀಗೇ: ಸೂಪೆ ಅಂದರೆ ಗೊತ್ತಾಯ್ತು, ಸಾಬೀಯಾ ಅಂದರೆ ಗೊತ್ತಿತ್ತು.

ಒಂದು ಕಡೆ ಮಾತ್ರ ಈ ಲೆಕ್ಕ ಸರಿಯಾಗಿ ಕೂರುವುದಿಲ್ಲ. ‘ಕೊನೊಸೀ ಬ್ಯೆನ್ ಆ ಸು ಪಾದ್ರೆ’ ಅಂದಾಗ ‘ಬ್ಯೆನ್’, ಅಂದರೆ ‘ಚೆನ್ನಾಗಿ’, ಜೊತೆಗೆ ಬಂದಿದೆ ನೋಡಿ. ಇಲ್ಲಿ ಮೊದಲ ಭೇಟಿಯ ಮಾತಲ್ಲ, ಅವರ ತಂದೆಯ ಜೊತೆಗಿನ ಇಡೀ ಒಡನಾಟವನ್ನು ಮುಗಿದುಹೋದ ಕಾಲವಾಗಿ ಹೇಳುತ್ತಿದ್ದಾರೆ. ಹೆಚ್ಚಾಗಿ ಆ ತಂದೆ ಈಗ ಇರುವುದಿಲ್ಲ.