ಟರ್ಬೈನ್ ನಿಂತ ರಾತ್ರಿಯೇ ಆಯಿಲ್ ಇಳಿಸಬಹುದೇ?

ಪ್ರಶ್ನೆ: ಸರ್, ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಈಗ ಗುಜರಾತಿನ ಒಂದು ಗ್ಯಾಸ್ ಟರ್ಬೈನ್ ಘಟಕದಲ್ಲಿ ಮೇಂಟೆನೆನ್ಸ್ ಕೆಲಸದಲ್ಲಿದ್ದೇನೆ. ಮುಂದಿನ ಶಟ್‌ಡೌನ್‌ನಲ್ಲಿ ಲ್ಯೂಬ್ ಆಯಿಲ್ ಬದಲಿಸಬೇಕಂತೆ. ಮಷಿನ್ ನಿಂತ ರಾತ್ರಿಯೇ ಮುಗಿಸಿರಿ ಎನ್ನುತ್ತಾರೆ. ಎಷ್ಟು ಗಂಟೆಗೊಮ್ಮೆ ಬದಲಿಸಬೇಕು? ಏನೇನು ಎಚ್ಚರ ಬೇಕು?
— ಬೆಟಗೇರಿಯ ಓದುಗ, ಗದಗ

ಉತ್ತರ: ಅದೇ ರಾತ್ರಿ ಬೇಡ ತಮ್ಮಾ. ಒಲೆ ಆರಿಸಿದ ಮೇಲೂ ರೊಟ್ಟಿ ಹಂಚು ಎಷ್ಟು ಹೊತ್ತು ಸುಡುತ್ತದೆ ಎಂಬುದು ನಿನಗೆ ಗೊತ್ತು. ಟರ್ಬೈನ್ ನಿಂತರೂ ಕಾವು ಶಾಫ್ಟ್ ಗುಂಟ ಬೇರಿಂಗಿಗೆ ಬರುತ್ತಲೇ ಇರುತ್ತದೆ. ಆಗ ಆಯಿಲ್ ನಿಂತರೆ ಬೇರಿಂಗಿನ ಬ್ಯಾಬಿಟ್, ಅಂದರೆ ಒಳಗಿನ ಮೆತ್ತನೆಯ ಲೋಹದ ಪದರ, ಕೆಡುತ್ತದೆ, ಶಾಫ್ಟನ್ನು ನಿಧಾನವಾಗಿ ತಿರುಗಿಸುತ್ತಿರುವ ಟರ್ನಿಂಗ್ ಗೇರ್ ನಿಂತರೆ ಶಾಫ್ಟ್ ಬಾಗುತ್ತದೆ. ದೊಡ್ಡ ಮಷಿನ್ ತಣಿಯಲು ಒಂದು ದಿನವೋ ಹೆಚ್ಚೋ ಬೇಕು. ಮ್ಯಾನ್ಯುವಲ್ ಹೇಳುವ ತಾಪಮಾನಕ್ಕೆ ಇಳಿಯುವವರೆಗೆ ಪಂಪ್ ಮುಟ್ಟಬೇಡ.

ಆಯಿಲ್ ಖಾಲಿ ಮಾಡುವಾಗ ಹೊಸಬರು ಮರೆಯುವುದು ಎರಡು. ಆಯಿಲ್ ಒತ್ತಡ ಇಳಿದದ್ದನ್ನು ಕಂಡ ಕೂಡಲೇ ಬ್ಯಾಟರಿಯಿಂದ ಓಡುವ ತುರ್ತು ಡಿಸಿ ಪಂಪ್ ತಾನಾಗಿ ಚಾಲೂ ಆಗುತ್ತದೆ. ಅದರ ಬ್ರೇಕರಿಗೂ ಬೀಗ, ಟ್ಯಾಗ್ ಹಾಕು. ಟ್ಯಾಂಕಿನ ಹೀಟರ್ ಆರಿಸದೆ ಮಟ್ಟ ಇಳಿಸಿದರೆ ಬರಿದಾದ ಕಾಯಿಲ್ ಕೆಂಪಗೆ ಕಾದು ಆವಿಗೆ ಬೆಂಕಿ ಹತ್ತಬಹುದು.

ಇನ್ನು ಎನ್‌ಕ್ಲೋಶರ್, ಅಂದರೆ ಟರ್ಬೈನ್ ಸುತ್ತಲಿನ ಮುಚ್ಚಿದ ಕೋಣೆ, ಅದರ ಒಳಗೆ ಹೋಗುವ ಮುನ್ನ ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕ ವ್ಯವಸ್ಥೆ ಬಂದ್ ಆಗಿದೆಯೇ ಎಂದು ನೀನೇ ಕಣ್ಣಾರೆ ನೋಡು. ಬೇರೆಯವರು ಹೇಳಿದ್ದು ಸಾಲದು. ಆ ಅನಿಲ ಮುಚ್ಚಿದ ಕೋಣೆ ತುಂಬಿದರೆ ಕೆಲವೇ ಉಸಿರಿನಲ್ಲಿ ಮನುಷ್ಯ ಬೀಳುತ್ತಾನೆ. ಗ್ಯಾಸ್ ಲೈನಿನ ವಾಲ್ವುಗಳಿಗೂ ಬೀಗ ಬೇಕು. ಟ್ಯಾಂಕ್ ಒಳಗೆ ಇಳಿಯುವುದಾದರೆ ಆಮ್ಲಜನಕ ಅಳೆದು, ಪರ್ಮಿಟ್ ತೆಗೆದುಕೊಂಡು, ಹೊರಗೊಬ್ಬನನ್ನು ನಿಲ್ಲಿಸಿಯೇ ಇಳಿ. ನಮ್ಮ ಗೋಕುಲ ರಸ್ತೆಯ ಲೇಥ್ ಅಂಗಡಿಗಳಲ್ಲಿ ಕೈ ಒರೆಸುವ ಕಾಟನ್ ವೇಸ್ಟ್ ಅಲ್ಲಿ ಬೇಡ. ನೂಲು ಬಿಡದ ಬಟ್ಟೆಯೇ ಇರಲಿ. ಹಳೆಯ ಎಣ್ಣೆ ಪೈಪು, ಕೂಲರಿನಲ್ಲಿ ಉಳಿದರೆ ಹೊಸದು ಬೇಗ ಹಾಳಾಗುತ್ತದೆ, ಅವನ್ನೂ ಬರಿದು ಮಾಡು.

ಗಂಟೆಯ ಲೆಕ್ಕಕ್ಕೆ ಬಂದರೆ, ಆಯಿಲ್ ಬದಲಿಸುವುದನ್ನು ಪರೀಕ್ಷೆ ಹೇಳಬೇಕು, ಕ್ಯಾಲೆಂಡರ್ ಅಲ್ಲ. ಮಷಿನ್ ಓಡುತ್ತಿರುವಾಗ, ಪ್ರತಿ ಸಲ ಒಂದೇ ಜಾಗದಿಂದ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸು. ಸ್ನಿಗ್ಧತೆ, ಆಮ್ಲ, ನೀರು, ಕಣಗಳು ಎಲ್ಲವನ್ನೂ ನೋಡಬೇಕು. ಆಕ್ಸಿಡೀಕರಣ ತಡೆಯುವ ಶಕ್ತಿಯನ್ನು ಅಳೆಯುವ ಆರ್‌ಪಿವಿಒಟಿ ಪರೀಕ್ಷೆಯ ಅಂಕಿ ಹೊಸ ಎಣ್ಣೆಯ ಶೇ. 25ಕ್ಕೆ ಇಳಿಯುವ ಮೊದಲೇ ಯೋಜನೆ ಮಾಡು. ಬಿಸಿ ಭಾಗಗಳ ತಪಾಸಣೆಗೆ ಹೆವಿ ಡ್ಯೂಟಿ ಮಷಿನ್ ಹೇಗಿದ್ದರೂ ನಿಲ್ಲುತ್ತದೆ, ಅನೇಕ ಮಾದರಿಗಳಲ್ಲಿ ಸುಮಾರು 24,000 ಗಂಟೆಗೆ. ಆಗಲೇ ಇದನ್ನೂ ಸೇರಿಸಿಕೊಳ್ಳಲು ಮೇಲಿನವರನ್ನು ಕೇಳು. ಓಡಿದ ಗಂಟೆಯ ಜತೆ ಸ್ಟಾರ್ಟ್ ಮತ್ತು ಟ್ರಿಪ್‌ಗಳನ್ನೂ (ರಕ್ಷಣೆಗಾಗಿ ಮಷಿನ್ ಥಟ್ಟನೆ ನಿಂತದ್ದು) ಲಾಗ್‌ಬುಕ್ಕಿನಲ್ಲಿ ಬರೆ. ಪೂರ್ತಿ ಲೋಡಿನಲ್ಲಿ ಒಮ್ಮೆ ಟ್ರಿಪ್ ಆದರೆ ಹಲವು ಸ್ಟಾರ್ಟ್‌ಗಳಷ್ಟು ಸವೆತ.

ಇಳಿಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಬ್ಯಾರಲಿಗೆ ಚೀಟಿ ಅಂಟಿಸಿ ಅಧಿಕೃತ ರೀಸೈಕ್ಲರಿಗೇ ಕೊಡಿಸು, ಗುಜರಿಯವನಿಗಲ್ಲ.