ವೆಲೆನ್ಸಿಯಾದಲ್ಲಿ ಯಾವ ಪಾರ್ಕಿಗೆ ಹೋಗಬೇಕು?

ಪ್ರಶ್ನೆ: ಮಗಳು ಸ್ಪೇನಿನ ವೆಲೆನ್ಸಿಯಾದಲ್ಲಿ ಕೆಲಸಕ್ಕಿದ್ದಾಳೆ. ಏಪ್ರಿಲ್‌ನಲ್ಲಿ ಹೋಗುತ್ತಿದ್ದೇವೆ. ಯಜಮಾನರಿಗೆ ಮೊಣಕಾಲು ನೋವು, ಮೊಮ್ಮಗನಿಗೆ ಆರು ವರ್ಷ. ಅಲ್ಲಿನ ಪಾರ್ಕುಗಳು ಬಹಳ ಚೆನ್ನ ಅಂತಾರೆ. ಯಾವುದನ್ನು ನೋಡಬೇಕು?
– ಓದುಗರೊಬ್ಬರು, ವಿಜಯಪುರ

ಉತ್ತರ: ಅಕ್ಕಾರೇ, ಮೊದಲು ತುರಿಯಾ ಉದ್ಯಾನಕ್ಕೆ ಹೋಗಿ. ದಿನಾ ಹೋದರೂ ಬೇಸರ ಬರೋಲ್ಲ. ಮಗನ ಮನೆಯಲ್ಲಿದ್ದಾಗ ನನ್ನ ಸಂಜೆಗಳೆಲ್ಲ ಅಲ್ಲೇ ಕಳೆದವು.

ಅದು ಮೊದಲು ತುರಿಯಾ ನದಿಯೇ ಆಗಿತ್ತು. 1957ರ ಅಕ್ಟೋಬರ್‌ನಲ್ಲಿ ನದಿ ಉಕ್ಕಿ ಊರೊಳಗೆ ನುಗ್ಗಿತು. ಆಮೇಲೆ ದಕ್ಷಿಣಕ್ಕೆ ಹೊಸ ಪಾತ್ರ ತೋಡಿ ನದಿಯನ್ನೇ ಆ ಕಡೆ ತಿರುಗಿಸಿದರು. ಹಳೇ ಪಾತ್ರದಲ್ಲಿ ಹೆದ್ದಾರಿ ಮಾಡಬೇಕು ಅಂತಿತ್ತು. ಜನ ಒಪ್ಪಲಿಲ್ಲ, ಹಸಿರೇ ಬೇಕು ಅಂತ ಪಟ್ಟು ಹಿಡಿದರು. ಆ ಹೊಸ ಪಾತ್ರ 2024ರ ಪ್ರವಾಹದಲ್ಲೂ ನಗರವನ್ನು ಕಾಯಿತು. ಅದರಾಚೆಯ ಊರುಗಳಿಗೆ ಮಾತ್ರ ಭಾರಿ ಪೆಟ್ಟು ಬಿತ್ತು, 200ಕ್ಕೂ ಹೆಚ್ಚು ಜನ ಹೋದರು.

ನಾನು ಬಾಗಲಕೋಟೆಯವಳು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದವರು ನಾವು. ನಮ್ಮ ಹಳೇ ಓಣಿ ಯಾವುದು ಅಂತ ಮೊಮ್ಮಕ್ಕಳು ಕೇಳಿದರೆ ನೀರು ತೋರಿಸಬೇಕು. ವೆಲೆನ್ಸಿಯಾದ ಅಜ್ಜಿಯರು ನೀರಿದ್ದ ಜಾಗದಲ್ಲೇ ಮೊಮ್ಮಕ್ಕಳನ್ನು ಆಡಿಸುತ್ತಾರೆ. ಅದನ್ನು ನೋಡ್ತಾ ಕೂತರೆ ನನಗೆ ಏಳೋಕೇ ಮನಸ್ಸಾಗುತ್ತಿರಲಿಲ್ಲ.

ಉದ್ಯಾನ ಸುಮಾರು 9 ಕಿಲೋಮೀಟರ್ ಉದ್ದ. ಪೂರ್ತಿ ನಡೆಯೋಕೆ ಹೋಗಬೇಡಿ. ಅಲಮೆಡಾ ಮೆಟ್ರೊ ನಿಲ್ದಾಣದಲ್ಲಿ ಇಳಿಯಿರಿ. ಹತ್ತಿರದಲ್ಲೇ ಹೂವಿನ ಸೇತುವೆ, ಎರಡೂ ಬದಿಗೆ ಹೂವೋ ಹೂವು. ನದಿಯ ಪಾತ್ರ ಅಲ್ವಾ, ರಸ್ತೆಗಿಂತ ತಗ್ಗಿನಲ್ಲಿದೆ. ಯಜಮಾನರಿಗೆ ಮೆಟ್ಟಿಲು ಬೇಡ, ಇಳಿಜಾರು ದಾರಿ ಎಲ್ಲಿದೆ ಅಂತ ಮಗಳನ್ನು ಕೇಳಿ. ಸಮುದ್ರದ ದಿಕ್ಕಿಗೆ ನಿಧಾನಕ್ಕೆ ನಡೆದರೆ ಸಂಗೀತ ಭವನದ ಕೊಳ, ಅಲ್ಲಿಂದ ಮುಂದೆ ಗಲಿವರ್ ಎಂಬ ಮಕ್ಕಳ ಆಟದ ಜಾಗ. 70 ಮೀಟರ್ ಉದ್ದದ ದೈತ್ಯ ಅಂಗಾತ ಬಿದ್ದಿದ್ದಾನೆ. ಅವನ ಕೂದಲು, ತೋಳು, ಅಂಗಿಯ ಮಡಿಕೆಗಳ ಮೇಲೆಲ್ಲ ಮಕ್ಕಳು ಹತ್ತಿ ಜಾರುತ್ತಾರೆ. ಮೊಮ್ಮಗ ಅಲ್ಲಿಂದ ಸುಲಭಕ್ಕೆ ಬರೋಲ್ಲ, ಜಾಸ್ತಿ ಹೊತ್ತು ಇಟ್ಟುಕೊಂಡೇ ಹೋಗಿ.

ಇನ್ನೊಂದು ದಿನ ಪಾರ್ಟೆರೆ ಎಂಬ ಚಿಕ್ಕ ಉದ್ಯಾನಕ್ಕೆ ಹೋಗಿ. ನಮ್ಮ ಆಲದ ಕುಲದ್ದೇ ಒಂದು ಭಾರಿ ಮರ ಅಲ್ಲಿದೆ. ಬೇರುಗಳು ಗೋಡೆಯ ಹಾಗೆ ನೆಲದಿಂದೆದ್ದಿವೆ. ಏಪ್ರಿಲ್ ಶುರುವಿನಲ್ಲಿ ಹೋದರೆ ಬೀದಿಗಳಲ್ಲಿ ಕಿತ್ತಳೆ ಹೂವಿನ ಘಮ. ಆ ಮರಗಳ ಹಣ್ಣು ಮಾತ್ರ ಕಹಿ, ಮೊಮ್ಮಗನಿಗೆ ಕಿತ್ತು ಕೊಡಬೇಡಿ. ತುರಿಯಾದಲ್ಲಿ ಸೈಕಲ್‌ಗಳು ಜೋರಾಗಿ ಬರುತ್ತವೆ. ಅವುಗಳ ದಾರಿ ಬೇರೆಯೇ ಇದೆ, ದಾಟುವಾಗ ಅವನ ಕೈ ಹಿಡಿದುಕೊಳ್ಳಿ.