ಬಾಣಂತಿಯ ಒಂದೇ ಕಾಲು ಬಾತಿದ್ದರೆ ತಿಕ್ಕಬೇಡಿ

ಪ್ರಶ್ನೆ: ಮಗಳಿಗೆ ಸಿಸೇರಿಯನ್ ಆಗಿ ಹನ್ನೆರಡು ದಿನ. ಎಡಗಾಲು ಬಾತಿದೆ, ಮೀನಖಂಡ ನೋಯುತ್ತದೆ. ನಂಜು ಇರಬೇಕು, ನೀರು ಕಡಿಮೆ ಕೊಡು, ಹೊರಸಿನಿಂದ ಇಳಿಸಬೇಡ, ಎಣ್ಣೆ ಹಚ್ಚಿ ತಿಕ್ಕಿಸು ಅಂತಾರೆ ಹಿರಿಯರು. ಏನು ಮಾಡಲಿ?
– ಸೇಡಂನ ತಾಯಿ

ಉತ್ತರ: ಅಮ್ಮಾ, ಈಗಲೇ ಹೊರಡಿ. ಕಲಬುರಗಿಯ ಜಿಮ್ಸ್‌ಗೋ, ಡಾಪ್ಲರ್ ಸ್ಕ್ಯಾನ್ (ರಕ್ತನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನ್) ಇರುವ ಬೇರೆ ಆಸ್ಪತ್ರೆಗೋ ಕರೆದುಕೊಂಡು ಹೋಗಿ. ತಿಕ್ಕುವುದು ಬೇಡವೇ ಬೇಡ. ಒಂದೇ ಕಾಲು ಬಾತು ನೋಯುತ್ತಿದ್ದರೆ, ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ ಮೊದಲು ನೋಡಬೇಕು. ಬಸುರಿ, ಬಾಣಂತಿಯರಿಗೆ ಇದು ಎಡಗಾಲಿನಲ್ಲೇ ಜಾಸ್ತಿ. ಆ ಹೆಪ್ಪು ಕಿತ್ತುಬಂದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಉಸಿರು ಕಟ್ಟಿದರೆ, ಎದೆ ನೋವಾದರೆ, ಕೆಮ್ಮಿನಲ್ಲಿ ರಕ್ತ ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಈ ಪ್ರಶ್ನೆ ಬರುತ್ತಲೇ ಇದೆ, ಪ್ರತಿ ಸಲವೂ ಸಿಟ್ಟು ಬರುತ್ತದೆ. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗದಿರಲಿ ಅಂತ ಬಸಿರಿನಲ್ಲೇ ರಕ್ತ ಬೇಗ ಹೆಪ್ಪುಗಟ್ಟುವ ಹಾಗೆ ಬದಲಾಗಿರುತ್ತದೆ. ಹೆರಿಗೆಯ ನಂತರದ 6 ವಾರ ಅಪಾಯ ಹೆಚ್ಚು. ಜೊತೆಗೆ ಆಪರೇಷನ್ ಗಾಯ. ಅಷ್ಟು ಸಾಲದೆಂಬಂತೆ ನಾವು ಮಲಗಿಸಿಯೇ ಇಡುತ್ತೇವೆ. ಮೀನಖಂಡ ಆಡಿದರೆ ತಾನೇ ಕಾಲಿನ ರಕ್ತ ಮೇಲಕ್ಕೆ ಏರುವುದು? ನಮ್ಮ ಬಿಸಿಲಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ನೀರನ್ನೂ ಬಿಡಿಸಿದರೆ ರಕ್ತ ಇನ್ನಷ್ಟು ಮಂದವಾಗುತ್ತದೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಅನ್ನುವುದು ಸುಳ್ಳು. ಬಾಯಾರಿದಷ್ಟೂ ಕೊಡಿ.

ಮಿದುಳಿನ ರಕ್ತನಾಳದಲ್ಲೂ ಹೀಗೆ ಹೆಪ್ಪುಗಟ್ಟುವುದುಂಟು. ಬಿಡದ ತಲೆನೋವು, ವಾಂತಿ, ಫಿಟ್ಸ್ ಬರುತ್ತವೆ. ಅದನ್ನು ಗಾಳಿ ಸೋಕಿದೆ ಅಂತ ತಾಯತ ಕಟ್ಟಿ, ಆಸ್ಪತ್ರೆಯ ಹೊತ್ತು ಕಳೆಯುವವರನ್ನು ನಾನು ಕ್ಷಮಿಸಲಾರೆ.

ಹೆಪ್ಪು ಇದ್ದರೆ, ಅದು ಬೆಳೆಯದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಶುರು ಮಾಡುತ್ತಾರೆ. ಮಗುವಿಗೆ ಹಾಲು ಕೊಡಲು ಅದು ಅಡ್ಡಿಯಲ್ಲ. ಔಷಧ ಕನಿಷ್ಠ 3 ತಿಂಗಳು ಬೇಕು. ಬಾವು ಇಳಿಯಿತು ಅಂತ ನಡುವೆ ನಿಲ್ಲಿಸಬೇಡಿ. ಮುಂದೆ ಮತ್ತೆ ಬಸುರಿಯಾದರೆ ಮೊದಲ ತಿಂಗಳಲ್ಲೇ ಡಾಕ್ಟರಿಗೆ ಈ ವಿಷಯ ಹೇಳಬೇಕು.

ಪ್ರಶ್ನೆ: ಹಸಿ ಬೆಳ್ಳುಳ್ಳಿ ತಿಂದರೆ ಹೆಪ್ಪು ಕರಗುತ್ತದಾ?

ಉತ್ತರ: ಇಲ್ಲ. ಅದನ್ನು ನಂಬಿ ಮಾತ್ರೆ ಬಿಡಬೇಡಿ.

ಪ್ರಶ್ನೆ: ರಾತ್ರಿಯಿಡೀ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತೇನೆ. ಅಪಾಯವಾ?

ಉತ್ತರ: ಆರೋಗ್ಯವಂತರಿಗೆ ತೀರಾ ಕಡಿಮೆ. ಪಾದ ಆಡಿಸಿ, ಬಸ್ ನಿಂತಾಗ ಇಳಿದು ನಡೆಯಿರಿ. ಇತ್ತೀಚೆಗೆ ಸೊಂಟ, ಮೊಣಕಾಲಿನ ಆಪರೇಷನ್ ಆದವರು, ಕ್ಯಾನ್ಸರ್ ಇರುವವರು, ಹಿಂದೆ ಹೆಪ್ಪುಗಟ್ಟಿದವರು ಮಾತ್ರ ಡಾಕ್ಟರನ್ನು ಕೇಳಿಯೇ ಹೊರಡಿ.

ಪ್ರಶ್ನೆ: ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಮುಟ್ಟು ಮುಂದೂಡಲು ಮೆಡಿಕಲ್‌ನಿಂದ ಮಾತ್ರೆ ತರಿಸಲೇ? ಅಕ್ಕನಿಗೆ ಕಾಲಲ್ಲಿ ಹೆಪ್ಪುಗಟ್ಟಿತ್ತು.

ಉತ್ತರ: ಬೇಡ. ಆ ಹಾರ್ಮೋನ್ ಮಾತ್ರೆಯಿಂದ ಹೆಪ್ಪುಗಟ್ಟುವ ಅಪಾಯ ಹೆಚ್ಚಬಹುದು, ರಕ್ತ ಬೇಗ ಹೆಪ್ಪುಗಟ್ಟುವ ಗುಣ ಮನೆತನದಲ್ಲೇ ಇರಬಹುದು. ಅಕ್ಕನ ವಿಷಯ ಡಾಕ್ಟರಿಗೆ ಹೇಳದೆ ಒಂದು ಮಾತ್ರೆಯನ್ನೂ ನುಂಗಬೇಡಿ.